ಹಾಡು ಕೈಯಲ್ಲಿರಲಿ, ಹೆಸರು ಸಮೇತ

ವಿಂಕ್ ಮ್ಯೂಸಿಕ್ ಆ್ಯಪ್ 2024ರಲ್ಲಿ ಬಂದ್ ಆಯಿತು. ಏರ್‌ಟೆಲ್ ಸಿಮ್ ಇದ್ದ ಲಕ್ಷಾಂತರ ಜನ ವರ್ಷಗಟ್ಟಲೆ ಅದರಲ್ಲೇ ಹಾಡು ಕೇಳಿದ್ದರು, ಇಷ್ಟವಾದದ್ದನ್ನೆಲ್ಲ ಅದರಲ್ಲೇ ಗುರುತು ಹಾಕಿಟ್ಟಿದ್ದರು. ಅದಕ್ಕೂ ಮೊದಲು, 2020ರ ಕೊನೆಯಲ್ಲಿ, ಗೂಗಲ್ ಪ್ಲೇ ಮ್ಯೂಸಿಕ್ ನಿಂತುಹೋಗಿತ್ತು. ಅದರಲ್ಲಿ ನಮ್ಮದೇ ಸಂಗ್ರಹದ 50,000 ಹಾಡುಗಳವರೆಗೆ ಉಚಿತವಾಗಿ ಇಟ್ಟುಕೊಳ್ಳಲು ಜಾಗವಿತ್ತು. ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಿಕೊಳ್ಳಿ ಎಂದು ಕೆಲವು ತಿಂಗಳು ಅವಕಾಶ ಕೊಟ್ಟು, 2021ರ ಫೆಬ್ರುವರಿಯಲ್ಲಿ ಉಳಿದದ್ದನ್ನು ಅಳಿಸಿದರು. ಹಾಡು ಕೈತಪ್ಪಲು ಕಂಪನಿ ಮುಚ್ಚಲೇಬೇಕೆಂದೇನೂ ಇಲ್ಲ. 2023ರ ಮಾರ್ಚ್‌ನಲ್ಲಿ ಜೀ ಮ್ಯೂಸಿಕ್ ಮತ್ತು ಸ್ಪಾಟಿಫೈ ನಡುವೆ ಒಪ್ಪಂದ ಮುರಿದು, ಹಣ ಕಟ್ಟಿ ಕೇಳುತ್ತಿದ್ದವರ ಪಟ್ಟಿಗಳಿಂದಲೂ ಆ ಹಾಡುಗಳು ಒಮ್ಮೆಲೇ ಕಾಣೆಯಾದವು.

ಸ್ಟ್ರೀಮಿಂಗ್ ಬೇಡ ಎನ್ನುವ ಮಾತಲ್ಲ ಇದು. ಹೊಸ ಸಿನಿಮಾದ ಹಾಡು ಕೇಳಲು, ಎಂದೂ ಕೇಳದ ಗಾಯಕರನ್ನು ಹುಡುಕಲು ಅದಕ್ಕಿಂತ ಅನುಕೂಲದ ದಾರಿ ಇಲ್ಲ, ನಾನೂ ಬಳಸುತ್ತೇನೆ. ಆದರೆ ಜೀವನವಿಡೀ ಬೇಕು ಅನ್ನಿಸುವ ಹಾಡುಗಳು ಪ್ರತಿಯೊಬ್ಬರಿಗೂ ಒಂದಿಷ್ಟು ಇದ್ದೇ ಇರುತ್ತವೆ. ಅವು ನಮ್ಮ ಫೋನಿನಲ್ಲಿ ನಮ್ಮದೇ ಫೈಲ್‌ಗಳಾಗಿ ಇರಬೇಕು. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ‘ಡೌನ್‌ಲೋಡ್’ ಒತ್ತಿದರೂ ಹಾಡು ನಮ್ಮ ಕೈಗೆ ಬರುವುದಿಲ್ಲ. ಅದು ಬೀಗ ಹಾಕಿದ ಪ್ರತಿ. ಆ ಆ್ಯಪ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ, ಚಂದಾ ನಿಂತರೆ ಆಡುವುದಿಲ್ಲ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಬಂದು ಹಾಜರಿ ಹಾಕಬೇಕು. ಇಲ್ಲದಿದ್ದರೆ ಇಳಿಸಿಕೊಂಡದ್ದೂ ಹೋಗುತ್ತದೆ.

ನಮ್ಮಲ್ಲಿ ಸ್ವಂತ ಸಂಗ್ರಹಕ್ಕೇನೂ ಕೊರತೆ ಇಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಂಡ, ನೂರಿನ್ನೂರು ಹಾಡು ತುಂಬಿದ ಎಂಪಿ3 ಸಿ.ಡಿ.ಗಳು, ಮೊಬೈಲ್ ಅಂಗಡಿಯವರು ದುಡ್ಡು ತೆಗೆದುಕೊಂಡು ಹಾಡು ತುಂಬಿಸಿಕೊಟ್ಟ ಮೆಮೊರಿ ಕಾರ್ಡ್‌ಗಳು, ಹಳೆಯ ಕಂಪ್ಯೂಟರಿನ ‘ಡಿ’ ಡ್ರೈವ್‌ನ ಒಂದು ಫೋಲ್ಡರ್, ಅಟ್ಟದ ಮೇಲಿನ ಕ್ಯಾಸೆಟ್ ಪೆಟ್ಟಿಗೆ. ಸುಮಾರು ಮನೆಗಳಲ್ಲಿ ಇವುಗಳಲ್ಲಿ ಎರಡಾದರೂ ಸಿಗುತ್ತವೆ. ಇದನ್ನೆಲ್ಲ ಒಂದು ಕಡೆ ಸೇರಿಸಿ, ಬೇಕಾದಾಗ ಬೇಕಾದ್ದು ಸಿಗುವಂತೆ ಫೋನಿಗೆ ತರುವುದು ಹೇಗೆ ಎಂಬುದೇ ಈ ವಾರದ ವಿಷಯ.

ಮೊದಲು ಫೈಲ್‌ನ ವಿಚಾರ. ಸಿ.ಡಿ.ಯಲ್ಲಿ ಹಾಡು ಯಾವ ಸಂಕೋಚನವೂ ಇಲ್ಲದೆ ಇರುತ್ತದೆ: ಸೆಕೆಂಡಿಗೆ 44,100 ಸಲ ಅಳೆದ ಧ್ವನಿ, ಪ್ರತಿ ಅಳತೆಗೆ 16 ಬಿಟ್, ಎಡಕ್ಕೂ ಬಲಕ್ಕೂ ಬೇರೆ ಬೇರೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಐದು ನಿಮಿಷದ ಹಾಡಿಗೆ 50 ಎಂ.ಬಿ.ಗೂ ಹೆಚ್ಚು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಮತ್ತು ಅವರ ಸಂಗಡಿಗರು ಬೆಳೆಸಿದ ಎಂಪಿ3 ವಿಧಾನ ಇದನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಜೋರಾದ ಸದ್ದಿನ ಪಕ್ಕದಲ್ಲೇ ಇರುವ ಮೆಲ್ಲನೆಯ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ. ಹಾಗೆ ಕೇಳಿಸದೇ ಹೋಗುವ ಭಾಗವನ್ನು ಲೆಕ್ಕ ಹಾಕಿ ಕೈಬಿಡುವುದೇ ಅದರ ಉಪಾಯ. ‘.ಎಂಪಿ3’ ಎಂಬ ಬಾಲ ಫೈಲ್‌ಗಳಿಗೆ ಅಂಟಿದ್ದು 1995ರ ಜುಲೈಯಲ್ಲಿ. ಅದರ ಪೇಟೆಂಟ್ ಪರವಾನಗಿಯ ವ್ಯವಹಾರ 2017ರಲ್ಲಿ ಮುಗಿದುಹೋಗಿದ್ದು, ಈಗ ಯಾರು ಬೇಕಾದರೂ ಬಳಸಬಹುದು.

ಎಷ್ಟು ಕೈಬಿಡಬಹುದು ಎಂಬುದಕ್ಕೆ ಮಿತಿ ಇದೆ. 128 ಕಿಲೋಬಿಟ್‌ನಲ್ಲಿ ಸಾಧಾರಣ ಸಿನಿಮಾ ಹಾಡು ಚೆನ್ನಾಗಿಯೇ ಕೇಳುತ್ತದೆ. ಒಂದೇ ತಟ್ಟೆಯಲ್ಲಿ ಇನ್ನೂರು ಹಾಡು ಹಿಡಿಸುವ ಹಟದಲ್ಲಿ ಅದಕ್ಕಿಂತ ಕೆಳಗಿಳಿದರೆ ಮೊದಲು ಏಟು ಬೀಳುವುದು ತಂಬೂರಿಯ ಶ್ರುತಿಗೆ. ತುಂಬು ನಾದ ಹೋಗಿ, ನೀರಿನೊಳಗಿಂದ ಬಂದಂತೆ ಅಲುಗಾಡುವ ಸದ್ದು ಉಳಿಯುತ್ತದೆ. ಎರಡನೆಯ ಏಟು ಚಂಡೆಗೆ. ಚಂಡೆಯ ಪೆಟ್ಟು ಬೀಳುವ ಮುಂಚಿನ ಕ್ಷಣ ಪೂರ್ತಿ ಮೌನವಾಗಿರಬೇಕು, ಪೆಟ್ಟು ಕಡಿದಂತೆ ಬರಬೇಕು. ಎಂಪಿ3 ಧ್ವನಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಸಂಕುಚಿಸುತ್ತದೆ; ಒಂದು ತುಂಡಿನೊಳಗೆ ಆದ ತಪ್ಪು ಆ ತುಂಡಿನ ಉದ್ದಕ್ಕೂ ಹರಡುತ್ತದೆ. ಹಾಗಾಗಿ ಪೆಟ್ಟಿಗೂ ಮೊದಲೇ ಒಂದು ‘ಸ್ಸ್’ ಎಂಬ ಮಸುಕು ಹುಟ್ಟುತ್ತದೆ. ಯಕ್ಷಗಾನದ ಕಳಪೆ ಎಂಪಿ3 ಕೇಳಿದವರಿಗೆ ಚಂಡೆ ತಗಡು ಬಡಿದಂತೆ ಅನ್ನಿಸಿದ್ದರೆ ಅದರಲ್ಲಿ ಚಂಡೆಯವರ ದೋಷವೇನೂ ಇಲ್ಲ.

ಸಿ.ಡಿ. ಇನ್ನೂ ಕೈಯಲ್ಲಿದ್ದರೆ ಅದರಿಂದ ಹೊಸದಾಗಿ ಫೈಲ್ ಮಾಡಿಕೊಳ್ಳುವುದು ಒಳ್ಳೆಯದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ, ಯು.ಎಸ್.ಬಿ.ಗೆ ಚುಚ್ಚುವ ಡಿವಿಡಿ ಡ್ರೈವ್ ಅಂಗಡಿಯಲ್ಲಿ ಸಿಗುತ್ತದೆ. ಫ್ಲ್ಯಾಕ್ ಎಂಬ ನಮೂನೆಯಲ್ಲಿ ಇಳಿಸಿಕೊಂಡರೆ ಒಂದು ಬಿಟ್ ಕೂಡ ಕಳೆಯುವುದಿಲ್ಲ, ಗಾತ್ರ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜಾಷ್ ಕೋಲ್ಸನ್ 2001ರಲ್ಲಿ ಹೊರತಂದ ಮುಕ್ತ ನಮೂನೆ ಅದು. ಶಾಸ್ತ್ರೀಯ ಸಂಗೀತವನ್ನು ನಾನು ಫ್ಲ್ಯಾಕ್‌ನಲ್ಲಿ, ಉಳಿದದ್ದನ್ನು 320 ಕಿಲೋಬಿಟ್‌ನ ಎಂಪಿ3ಯಲ್ಲಿ ಇಡುತ್ತೇನೆ. ಐದು ನಿಮಿಷದ ಹಾಡಿಗೆ 320ರಲ್ಲಿ 12 ಎಂ.ಬಿ. ಆಗುತ್ತದೆ. 64 ಜಿ.ಬಿ.ಯ ಮೆಮೊರಿ ಕಾರ್ಡಿನಲ್ಲಿ ಅಂಥ 5,000 ಹಾಡು ಆರಾಮಾಗಿ ಕೂರುತ್ತವೆ. ಇನ್ನೂ ಜಾಗ ಉಳಿಸುವ ಅಗತ್ಯ ಹೆಚ್ಚಿನವರಿಗೆ ಇಲ್ಲ.

ಒಮ್ಮೆ ಕೈಬಿಟ್ಟದ್ದು ಮರಳಿ ಬರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. 128ರ ಫೈಲನ್ನು 320ಕ್ಕೆ ‘ಏರಿಸಿ’ ಕೊಡುವ ಆ್ಯಪ್‌ಗಳು, ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಅಲ್ಲಿ ಬೆಳೆಯುವುದು ಫೈಲಿನ ಗಾತ್ರ ಮಾತ್ರ. ವಿಡಿಯೊಗಳಿಂದ ಕಿತ್ತು ತೆಗೆದ ಹಾಡಿಗೂ ಇದೇ ಮಾತು.

ಫೋನಿಗೆ ಹಾಕುವ ಕೆಲಸ ಆಂಡ್ರಾಯ್ಡ್‌ನಲ್ಲಿ ಸಲೀಸು. ಕಂಪ್ಯೂಟರಿಗೆ ಕೇಬಲ್ ಚುಚ್ಚಿ, ಫೋನಿನ ಪರದೆಯಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ, ‘ಮ್ಯೂಸಿಕ್’ ಎಂಬ ಫೋಲ್ಡರಿಗೆ ಪ್ರತಿ ಮಾಡಿದರೆ ಮುಗಿಯಿತು. ಐಫೋನಿನಲ್ಲಿ ಆ್ಯಪಲ್‌ನ ಮ್ಯೂಸಿಕ್ ಆ್ಯಪ್‌ಗೆ ಹಾಡು ಸೇರಿಸಲು ಕಂಪ್ಯೂಟರಿನಿಂದ ಸಿಂಕ್ ಮಾಡಬೇಕು, ಅದು ಫ್ಲ್ಯಾಕ್ ತೆಗೆದುಕೊಳ್ಳುವುದೂ ಇಲ್ಲ. ಆ ತೊಡಕು ಬೇಡ ಅನ್ನುವವರು ಐಫೋನಿಗೆ ವಿಎಲ್‌ಸಿ ಹಾಕಿಕೊಳ್ಳಲಿ. ಒಂದೇ ವೈಫೈನಲ್ಲಿ ಫೋನೂ ಕಂಪ್ಯೂಟರೂ ಇದ್ದರೆ ಬ್ರೌಸರಿನಿಂದಲೇ ಹಾಡುಗಳನ್ನು ಅದರೊಳಗೆ ಎಳೆದು ಹಾಕಬಹುದು.

ಪ್ಲೇಯರ್ ಯಾವುದು ಎಂಬ ಪ್ರಶ್ನೆಗೆ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವಿಎಲ್‌ಸಿ ಉಚಿತ, ಜಾಹೀರಾತಿಲ್ಲ, ಹೆಚ್ಚುಕಡಿಮೆ ಯಾವ ಫೈಲ್ ಕೊಟ್ಟರೂ ಆಡುತ್ತದೆ. ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಕೈಯಲ್ಲಿ ಹುಟ್ಟಿದ ಅದನ್ನು ಈಗ ಲಾಭದಾಸೆಯಿಲ್ಲದ ಸಂಸ್ಥೆಯೊಂದು ನಡೆಸುತ್ತಿದೆ. ಮ್ಯೂಸಿಕೊಲೆಟ್ ಇಂಟರ್‌ನೆಟ್ಟಿನ ಹಂಗಿಲ್ಲದೆ ಫೋನಿನೊಳಗಿನ ಹಾಡಿಗಷ್ಟೇ ಮೀಸಲಾದ ಪ್ಲೇಯರ್, ಹಗುರವಾಗಿದೆ. ದುಡ್ಡು ಕೊಡಲು ಸಿದ್ಧವಿದ್ದು ಧ್ವನಿಯನ್ನು ಸೂಕ್ಷ್ಮವಾಗಿ ಹೊಂದಿಸಿಕೊಳ್ಳುವ ಆಸಕ್ತಿ ಇದ್ದವರಿಗೆ ಪವರ್‌ಆಂಪ್ ಇದೆ. ಯಾವುದನ್ನೇ ಆರಿಸಿದರೂ ಕೆಲವು ಗುಣಗಳನ್ನು ಪರೀಕ್ಷಿಸಿ ನೋಡಿ.

ಅದು ಫೋಲ್ಡರ್ ಪ್ರಕಾರ ಹಾಡು ತೋರಿಸಬೇಕು. ಅಜ್ಜನ ಕಾಲದ ಹಾಡನ್ನೆಲ್ಲ ಒಂದು ಫೋಲ್ಡರಿಗೆ ಹಾಕಿಟ್ಟವರಿಗೆ ಗಾಯಕರ ಪಟ್ಟಿಗಿಂತ ಅದೇ ಸುಲಭ. ಮೂರು ಗಂಟೆಯ ತಾಳಮದ್ದಳೆಯನ್ನು ಎಲ್ಲಿ ನಿಲ್ಲಿಸಿದಿರೋ ಅಲ್ಲಿಂದಲೇ ಮರುದಿನ ಮುಂದುವರಿಸುವಂತಿರಬೇಕು. ಅರ್ಥಧಾರಿ ಶೇಣಿಯವರ ವಾದ ಅರ್ಧದಲ್ಲಿ ತುಂಡಾಗಿ, ಮತ್ತೆ ಮೊದಲಿನಿಂದ ಶುರುವಾದರೆ ಕೇಳುವವರ ತಾಳ್ಮೆ ಕೆಡುತ್ತದೆ. ಕಛೇರಿಯ ಸಿ.ಡಿ.ಯಲ್ಲಿ ರಾಗ, ತಾನ, ಪಲ್ಲವಿಯನ್ನು ಬೇರೆ ಬೇರೆ ಟ್ರ್ಯಾಕ್ ಮಾಡಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಕತ್ತರಿ ಬೀಳಬಾರದು. ಎಂಪಿ3 ತಯಾರಾಗುವಾಗ ಫೈಲಿನ ಆರಂಭಕ್ಕೂ ಕೊನೆಗೂ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಒಳ್ಳೆಯ ಪ್ಲೇಯರ್ ಅದನ್ನು ಗುರುತಿಸಿ ಕಳೆದುಹಾಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಗ್ಯಾಪ್‌ಲೆಸ್’ ಎಂದಿರುವುದು ಇದೇ.

ಸದ್ದಿನ ಏರಿಳಿತವೂ ಒಂದು ಕಿರಿಕಿರಿ. ಪಿ. ಕಾಳಿಂಗರಾಯರ ಹಳೆಯ ಧ್ವನಿಮುದ್ರಣ ಕೇಳಲು ವಾಲ್ಯೂಮ್ ಏರಿಸಿರುತ್ತೀರಿ. ಅದರ ಬೆನ್ನಿಗೇ ಈಚಿನ ಸಿನಿಮಾ ಹಾಡೊಂದು ಬಂದು ಕಿವಿ ಒಡೆಯುತ್ತದೆ. ಕಳೆದ ಕೆಲವು ದಶಕಗಳಲ್ಲಿ ಹಾಡುಗಳನ್ನು ಹೆಚ್ಚು ಹೆಚ್ಚು ಜೋರಾಗಿ ಅಚ್ಚು ಮಾಡುವ ರೂಢಿ ಬೆಳೆದದ್ದು ಇದಕ್ಕೆ ಕಾರಣ. 2001ರಲ್ಲಿ ಡೇವಿಡ್ ರಾಬಿನ್ಸನ್ ಸೂಚಿಸಿದ ರೀಪ್ಲೇಗೇನ್ ಎಂಬ ವಿಧಾನ ಪ್ರತಿ ಹಾಡಿನ ಸರಾಸರಿ ಜೋರನ್ನು ಅಳೆದು, ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು ಎಂಬುದನ್ನು ಫೈಲಿನಲ್ಲಿ ಬರೆದಿಡುತ್ತದೆ. ಮೂಲ ಧ್ವನಿಗೆ ಕೈ ಹಚ್ಚುವುದಿಲ್ಲ. ಕಂಪ್ಯೂಟರಿನಲ್ಲಿ ಫೂಬಾರ್2000 ತಂತ್ರಾಂಶ ಇಡೀ ಸಂಗ್ರಹವನ್ನು ಒಂದೇ ಬಾರಿಗೆ ಅಳೆದುಕೊಡುತ್ತದೆ; ಫೋನಿನ ಪ್ಲೇಯರಿನಲ್ಲಿ ಆ ಸೌಲಭ್ಯ ಆನ್ ಮಾಡಿದರಾಯಿತು.

ವಾಟ್ಸ್ಆ್ಯಪ್‌ನಲ್ಲಿ ಬಂದ ಆಡಿಯೊ, ಕಾಲ್ ರೆಕಾರ್ಡಿಂಗ್‌ಗಳು ದಾಸರ ಪದದ ನಡುವೆ ನುಸುಳುವ ತೊಂದರೆಯನ್ನು ಅನೇಕರು ಹೇಳುತ್ತಾರೆ. ಪ್ಲೇಯರಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಫೋಲ್ಡರ್ ಬೇಡ ಎಂದು ಗುರುತು ಮಾಡಬಹುದು. ‘.ನೋಮೀಡಿಯಾ’ ಎಂಬ ಹೆಸರಿನ ಖಾಲಿ ಫೈಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಮುಂದೊಂದು ಚುಕ್ಕೆ ಇಟ್ಟು ಒಂದು ಫೋಲ್ಡರಿನಲ್ಲಿ ಹಾಕಿಟ್ಟರೂ ಆಂಡ್ರಾಯ್ಡ್ ಆ ಫೋಲ್ಡರಿನ ಹಾಡುಗಳನ್ನು ಪಟ್ಟಿಗೆ ಸೇರಿಸುವುದಿಲ್ಲ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಡು ನಿಂತುಹೋಗುತ್ತಿದ್ದರೆ ಪ್ಲೇಯರನ್ನು ದೂರಬೇಡಿ. ಬ್ಯಾಟರಿ ಉಳಿಸಲು ಫೋನೇ ಅದನ್ನು ಮುಚ್ಚುತ್ತಿರುತ್ತದೆ. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ನಿರ್ಬಂಧ ತೆಗೆದರೆ ಸರಿಹೋಗುತ್ತದೆ.

ಇನ್ನು ಹೆಸರಿನ ವಿಚಾರ. ಸ್ವಂತ ಸಂಗ್ರಹದಲ್ಲಿ ಕಷ್ಟವೂ ಇಲ್ಲಿಯೇ, ಸುಖವೂ ಇಲ್ಲಿಯೇ ಎಂದು ನನ್ನ ನಂಬಿಕೆ.

ಎಂಪಿ3 ಫೈಲಿನೊಳಗೆ ಧ್ವನಿಯ ಜೊತೆಗೆ ಹಾಡಿನ ವಿವರ ಬರೆಯಲು ಒಂದು ಜಾಗ ಇರುತ್ತದೆ. ಇದಕ್ಕೆ ಟ್ಯಾಗ್ ಎನ್ನುತ್ತಾರೆ. 1996ರಲ್ಲಿ ಎರಿಕ್ ಕೆಂಪ್ ಎಂಬವರು ರೂಪಿಸಿದ ಮೊದಲ ಪದ್ಧತಿಯಲ್ಲಿ ಫೈಲಿನ ಕೊನೆಗೆ 128 ಬೈಟ್ ಜಾಗ. ಅದರಲ್ಲಿ ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಂಗೆ 30, ಇಸವಿಗೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡಕ್ಕೆ ಯೂನಿಕೋಡ್‌ನ ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೆ ಮೂರು ಬೈಟ್. ಕೊಂಬು, ಗುಡಿಸು, ಸೊನ್ನೆ, ಒತ್ತಿನ ಅರ್ಧಾಕ್ಷರದ ಗುರುತು ಇವೆಲ್ಲ ಬೇರೆ ಬೇರೆ ಸಂಕೇತಗಳು. ‘ಮೈಸೂರು ಅನಂತಸ್ವಾಮಿ’ ಎಂದು ಬರೆಯಲು 49 ಬೈಟ್ ಬೇಕು. 30 ಬೈಟ್‌ನ ಜಾಗದಲ್ಲಿ ‘ಮೈಸೂರು ಅನಂ’ ಎಂಬಲ್ಲಿಗೆ ಹೆಸರು ತುಂಡಾಗುತ್ತದೆ. ಅದೂ ತಂತ್ರಾಂಶವು ಯೂನಿಕೋಡ್ ಬರೆದರೆ; ಆ ಪದ್ಧತಿಯನ್ನು ಮಾಡಿದ್ದೇ ಯುರೋಪಿನ ಅಕ್ಷರಗಳಿಗಾಗಿ. ಪ್ರಕಾರದ ಒಂದು ಬೈಟ್‌ಗೂ 80 ಪಾಶ್ಚಾತ್ಯ ಪ್ರಕಾರಗಳ ಪಟ್ಟಿ ಮೊದಲೇ ನಿಗದಿಯಾಗಿತ್ತು. ಅದರಲ್ಲಿ ಸೊನ್ನೆ ಎಂದರೆ ಬ್ಲೂಸ್. ಏನೂ ತುಂಬದೆ ಬಿಟ್ಟ ಜಾಗ ಸೊನ್ನೆಯಾಗುವುದರಿಂದ, ಪುರಂದರದಾಸರ ಪದದ ಕೆಳಗೆ ‘ಬ್ಲೂಸ್’ ಎಂದು ಕಾಣಿಸುವ ಫೈಲ್‌ಗಳು ಇಂದಿಗೂ ಓಡಾಡುತ್ತಿವೆ.

ಆಮೇಲೆ ಬಂದ ಎರಡನೆಯ ಪದ್ಧತಿ ಈ ಕಟ್ಟುಗಳನ್ನೆಲ್ಲ ತೆಗೆಯಿತು. ಎಷ್ಟುದ್ದ ಬೇಕಾದರೂ ಬರೆಯಬಹುದು, ಕನ್ನಡದಲ್ಲೇ ಬರೆಯಬಹುದು, ಮುಖಪುಟದ ಚಿತ್ರವನ್ನೂ ಸೇರಿಸಬಹುದು. ನಮ್ಮ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಾಡಿದವರಿಗೆ, ರಾಗ ಸಂಯೋಜಿಸಿದವರಿಗೆ, ಬರೆದವರಿಗೆ ಬೇರೆ ಬೇರೆ ಜಾಗಗಳಿವೆ. ಸುಗಮ ಸಂಗೀತವನ್ನು ಇಷ್ಟಪಡುವ ಕನ್ನಡಿಗರು ಇದನ್ನು ಬಳಸಿಕೊಳ್ಳಲೇಬೇಕು.

ನಾಡಗೀತೆಯನ್ನೇ ತೆಗೆದುಕೊಳ್ಳಿ. ಬರೆದವರು ಕುವೆಂಪು. ಮೈಸೂರು ಅನಂತಸ್ವಾಮಿ ಅದಕ್ಕೊಂದು ಧಾಟಿ ಕೂಡಿಸಿದರು, ಸಿ. ಅಶ್ವಥ್ ಇನ್ನೊಂದು. ಯಾವುದು ಅಧಿಕೃತ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ರಾಜ್ಯ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಆದೇಶ ಹೊರಡಿಸಿತು. ಫೋನಿನಲ್ಲಿ ಎರಡೂ ಧಾಟಿಗಳಿದ್ದು, ಎರಡಕ್ಕೂ ಒಂದೇ ಹೆಸರಿದ್ದರೆ ಯಾವುದು ಯಾವುದೆಂದು ಹಾಕಿ ನೋಡಿಯೇ ತಿಳಿಯಬೇಕು. ಸಂಯೋಜಕರ ಜಾಗ ತುಂಬಿದ್ದರೆ ಆ ಪಾಡಿಲ್ಲ. ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ, ಶಿಶುನಾಳ ಷರೀಫರ ರಚನೆಗಳನ್ನು ಎಷ್ಟು ಗಾಯಕರು ಎಷ್ಟು ಮಟ್ಟುಗಳಲ್ಲಿ ಹಾಡಿದ್ದಾರೆ! ಬರೆದವರ ಜಾಗದಲ್ಲಿ ಕವಿಯ ಹೆಸರು ಹಾಕಿಟ್ಟರೆ, ಆ ಜಾಗವನ್ನು ಓದುವ ಪ್ಲೇಯರಿನಲ್ಲಿ ‘ಬೇಂದ್ರೆ’ ಎಂದು ಹುಡುಕಿದಾಗ ಯಾರು ಹಾಡಿದ್ದರೂ ಬೇಂದ್ರೆಯವರ ಕವಿತೆಗಳೆಲ್ಲ ಒಟ್ಟಾಗಿ ಬರುತ್ತವೆ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಎದ್ದು ಕಾಣುವುದು ಗಾಯಕರ ಹೆಸರು, ಸಿನಿಮಾದ ಹೆಸರು. ಕವಿಯ ಹೆಸರನ್ನು ಒಳಗೆಲ್ಲೋ ಹುಡುಕಬೇಕು, ಎಷ್ಟೋ ಸಲ ಇರುವುದೇ ಇಲ್ಲ. ನಿಸಾರ್ ಅಹಮದರ ಕವಿತೆಗಳನ್ನು ಅನಂತಸ್ವಾಮಿಯವರು ಹಾಡಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ ಆಗಿ ಬಂದಾಗ ಕನ್ನಡ ಭಾವಗೀತೆಗೆ ಹೊಸದೊಂದು ದಾರಿ ತೆರೆಯಿತು. ಕವಿ ಮತ್ತು ಗಾಯಕ ಇಬ್ಬರನ್ನೂ ಒಂದೇ ಉಸಿರಿನಲ್ಲಿ ನೆನೆಯುವ ಪದ್ಧತಿ ನಮ್ಮದು. ನಮ್ಮ ಫೋನೂ ಅದನ್ನು ಪಾಲಿಸಲಿ ಎಂದು ಬಯಸುವುದು ಹೆಚ್ಚಿನ ಆಸೆಯಲ್ಲ.

ಸಿನಿಮಾ ಹಾಡಿಗೆ ಬೇರೆ ತೊಡಕು. ‘ಮುಂಗಾರು ಮಳೆ’ಯ ಹಾಡುಗಳನ್ನು ಫೋನಿಗೆ ಹಾಕಿದರೆ ಕೆಲವು ಪ್ಲೇಯರ್‌ಗಳು ಆ ಒಂದು ಆಲ್ಬಂ ಅನ್ನು ಮೂರ್ನಾಲ್ಕಾಗಿ ಒಡೆದು ತೋರಿಸುತ್ತವೆ. ಸೋನು ನಿಗಮ್ ಹಾಡಿದ್ದು ಒಂದು ಕಡೆ, ಕುನಾಲ್ ಗಾಂಜಾವಾಲಾ ಹಾಡಿದ್ದು ಇನ್ನೊಂದು ಕಡೆ. ‘ಆಲ್ಬಂ ಆರ್ಟಿಸ್ಟ್’ ಎಂಬ ಜಾಗ ಖಾಲಿ ಇರುವುದೇ ಇದಕ್ಕೆ ಕಾರಣ. ಆ ಜಾಗದಲ್ಲಿ ಎಲ್ಲ ಹಾಡಿಗೂ ‘ಮನೋ ಮೂರ್ತಿ’ ಎಂದು ಸಂಗೀತ ನಿರ್ದೇಶಕರ ಹೆಸರು ಹಾಕಿದರೆ ಒಡೆದ ಆಲ್ಬಂ ಮತ್ತೆ ಒಂದಾಗುತ್ತದೆ. ಸಿನಿಮಾ ಹಾಡಿನ ಸಂಗ್ರಹ ಇರುವವರು ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಹೆಸರಿನ ಕಾಗುಣಿತ ಒಂದೇ ತೆರನಾಗಿ ಇರಬೇಕಾದದ್ದೂ ಮುಖ್ಯ. ‘ಎಸ್.ಪಿ.ಬಿ.’, ‘ಎಸ್ ಪಿ ಬಾಲಸುಬ್ರಹ್ಮಣ್ಯಂ’, ‘ಎಸ್. ಪಿ. ಬಾಲಸುಬ್ರಮಣ್ಯಂ’ ಈ ಮೂರೂ ಯಂತ್ರದ ಕಣ್ಣಿಗೆ ಮೂರು ಜನ. ಚುಕ್ಕೆ, ಖಾಲಿ ಜಾಗ ಕೂಡ ಲೆಕ್ಕಕ್ಕೆ ಬರುತ್ತವೆ. ಒಂದು ರೂಪ ಗೊತ್ತುಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಹೆಸರುಗಳಿದ್ದರೆ ಅವು ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ನಲ್ಲಿ ಹೊಸದಾಗಿ ಬರೆಯಬೇಕಾಗುತ್ತದೆ. ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷ್ ಅಕ್ಷರದಲ್ಲೋ ಎಂದು ಕೇಳುವವರಿಗೆ ನನ್ನ ಸಲಹೆ ಇದು: ಟ್ಯಾಗ್ ಕನ್ನಡದಲ್ಲಿರಲಿ, ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡ ಓದಲಾರದ ಕಾರ್ ಸ್ಟೀರಿಯೊ ಬರೀ ಚೌಕಗಳನ್ನು ತೋರಿಸಿದರೂ ಫೈಲಿನ ಹೆಸರಿನಿಂದ ಹಾಡು ಹಿಡಿಯಬಹುದು. ಫೋನಿನಲ್ಲಂತೂ ಕನ್ನಡ ಕೀಲಿಮಣೆ ಇದೆ, ಕನ್ನಡದಲ್ಲೇ ಹುಡುಕಬಹುದು.

ಈ ಕೆಲಸ ಫೋನಿನಲ್ಲಿ ಮಾಡಿದರೆ ಬೆರಳು ಸೋಲುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಎಂಪಿ3ಟ್ಯಾಗ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಒಂದು ಆಲ್ಬಂನ ಎಲ್ಲ ಹಾಡುಗಳನ್ನು ಒಟ್ಟಿಗೆ ಆರಿಸಿ ಒಂದೇ ಸಲಕ್ಕೆ ಬದಲಿಸಬಹುದು. ಮ್ಯೂಸಿಕ್‌ಬ್ರೇನ್ಸ್ ಪಿಕಾರ್ಡ್ ಎಂಬ ಇನ್ನೊಂದು ತಂತ್ರಾಂಶ ಹಾಡಿನ ಧ್ವನಿಯನ್ನೇ ಆಲಿಸಿ, ಜಗತ್ತಿನ ಸ್ವಯಂಸೇವಕರು ಕೂಡಿಟ್ಟ ಕೋಶದಲ್ಲಿ ಹುಡುಕಿ ವಿವರ ತುಂಬಿಕೊಡುತ್ತದೆ. ಇಂಗ್ಲಿಷ್ ಹಾಡುಗಳಿಗೆ ಚೆನ್ನಾಗಿ ನಡೆಯುತ್ತದೆ. ಕನ್ನಡದ ಮಾಹಿತಿ ಅದರಲ್ಲಿ ತೀರಾ ತೆಳು. ಭಾವಗೀತೆಯ ಹಳೆಯ ಕ್ಯಾಸೆಟ್ಟುಗಳನ್ನು ನಾವೇ ಸೇರಿಸಬೇಕು. ಯಾರು ಬೇಕಾದರೂ ಸೇರಿಸಬಹುದಾದ ಕೋಶ ಅದು. ಕ್ಯಾಸೆಟ್ಟಿನ ಹೊದಿಕೆ ಕೈಯಲ್ಲಿರುವ ಹತ್ತಾರು ಜನ ಮನಸ್ಸು ಮಾಡಿದರೆ ಕನ್ನಡ ಸುಗಮ ಸಂಗೀತದ ವಿಶ್ವಾಸಾರ್ಹ ಪಟ್ಟಿಯೊಂದು ಸಿದ್ಧವಾಗುತ್ತದೆ. ಇದುವರೆಗೆ ಆಗದಿರುವುದು ನನಗೆ ಬೇಸರದ ಸಂಗತಿ.

ಬ್ಲೂಟೂತ್ ಇಯರ್‌ಫೋನ್ ಬಗ್ಗೆ ಒಂದೇ ಮಾತು. ಫೈಲ್ ಫ್ಲ್ಯಾಕ್ ಆಗಿದ್ದರೂ ಬ್ಲೂಟೂತ್‌ನಲ್ಲಿ ಹೋಗುವಾಗ ಫೋನು ಅದನ್ನು ಮತ್ತೆ ಸಂಕುಚಿಸಿಯೇ ಕಳಿಸುತ್ತದೆ. ತಂಬೂರಿಯ ನಾದ ಪೂರ್ತಿ ಬೇಕೆಂದರೆ ವೈರಿನ ಇಯರ್‌ಫೋನೇ ಬೇಕು. ದುಂಡನೆಯ ಜಾಕ್ ಇಲ್ಲದ ಫೋನಿಗೆ ಯು.ಎಸ್.ಬಿ.-ಸಿ ಗೆ ಚುಚ್ಚುವ ಸಣ್ಣ ಅಡಾಪ್ಟರ್ ಸಿಗುತ್ತದೆ.

ಇನ್ನು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಲೋಕಕ್ಕೆ ಕೊಟ್ಟ ಈ ಸಾಧನ 1980ರ ದಶಕದಲ್ಲಿ ನಮ್ಮ ಹಳ್ಳಿಹಳ್ಳಿಗೆ ಬಂತು. ದೊಡ್ಡ ಕಂಪನಿಗಳು ಮುಟ್ಟದ ಸಂಗೀತವನ್ನೂ ಅದು ಹಿಡಿದಿಟ್ಟಿತು. ಕರಾವಳಿಯ ಯಕ್ಷಗಾನ ಬಯಲಾಟ, ಉತ್ತರ ಕರ್ನಾಟಕದ ದೊಡ್ಡಾಟ, ಗೀಗೀ ಪದ, ಭಜನೆ, ಹರಿಕಥೆ, ಗಮಕ ವಾಚನ ಇವೆಲ್ಲ ಊರಿನವರೇ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡವು. 1990ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆ ಮುಂದಿನ ತಲೆಮಾರಿನ ಕಿವಿಗೆ ಬಿದ್ದದ್ದರಲ್ಲಿ ಕ್ಯಾಸೆಟ್ಟಿನ ಪಾಲು ದೊಡ್ಡದು. ಇಂಥದ್ದು ಯಾವ ಸ್ಟ್ರೀಮಿಂಗ್ ಕಂಪನಿಯ ಪಟ್ಟಿಗೂ ತಾನಾಗಿ ಬರುವುದಿಲ್ಲ.

ಟೇಪಿನಿಂದ ಫೈಲ್ ಮಾಡುವುದು ನಿಧಾನದ ಕೆಲಸ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಅವಸರಕ್ಕೆ ದಾರಿಯಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಹಿಡಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬೂಸ್ಟು ಇದ್ದರೆ ಹಾಗೇ ಆಡಿಸಬೇಡಿ, ಅದು ಪ್ಲೇಯರಿನ ಹೆಡ್ಡಿಗೂ ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಪುಟ್ಟ ಮೆತ್ತೆ ಉದುರಿದ್ದರೆ ಸದ್ದು ಮಂಕಾಗುತ್ತದೆ. ಚೆನ್ನಾಗಿರುವ ಕ್ಯಾಸೆಟ್ಟನ್ನೂ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಅಂಟಿ ಕೂತ ಸುರುಳಿ ಸಡಿಲವಾಗುತ್ತದೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಹೆಡ್ ಒರೆಸಿ. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಟೇಪ್ ಆಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿದರೆ ಒಂದು ಜಾಗದಲ್ಲಿ ತಾಳದ ಸದ್ದು ಥಟ್ಟನೆ ಸ್ಪಷ್ಟವಾಗುತ್ತದೆ. ಆ ಟೇಪ್ ಮುದ್ರಣವಾದ ಯಂತ್ರದ ಕೋನ ನಿಮಗೆ ಸಿಕ್ಕಿತು ಎಂದು ಅರ್ಥ. ಈ ಒಂದು ತಿರುವಿನಿಂದ ಆಗುವ ಉಪಕಾರವನ್ನು ಆಮೇಲೆ ಯಾವ ತಂತ್ರಾಂಶವೂ ಮಾಡಲಾರದು.

ಟೇಪ್‌ರೆಕಾರ್ಡರಿನ ಇಯರ್‌ಫೋನ್ ಜಾಕಿನಿಂದ ಕಂಪ್ಯೂಟರಿಗೆ ವೈರ್ ಹಾಕಬೇಕು. ಲ್ಯಾಪ್‌ಟಾಪಿನಲ್ಲಿರುವುದು ಸಾಮಾನ್ಯವಾಗಿ ಮೈಕಿನ ಕಿಂಡಿ. ಅದು ಸ್ಟೀರಿಯೊ ಅಲ್ಲ, ಟೇಪಿನ ಸದ್ದು ಅದಕ್ಕೆ ಜಾಸ್ತಿಯೂ ಆಗುತ್ತದೆ. ‘ಲೈನ್ ಇನ್’ ಇರುವ ಯು.ಎಸ್.ಬಿ. ಸೌಂಡ್ ಕಾರ್ಡ್ ಕೊಳ್ಳುವುದು ಮೇಲು. ಧ್ವನಿ ಹಿಡಿಯಲು ಅಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಅಳತೆಯ ಪಟ್ಟಿ ಕೆಂಪು ಮುಟ್ಟದಂತೆ ವಾಲ್ಯೂಮ್ ಇಟ್ಟುಕೊಳ್ಳಿ. ತಗ್ಗಾದದ್ದನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಸರಿಮಾಡಲಾಗದು. ‘ಹಿಸ್ಸ್’ ಸದ್ದು ತೆಗೆಯುವ ಸೌಲಭ್ಯ ಅದರಲ್ಲಿದೆ, ಹಗುರವಾಗಿ ಬಳಸಿ. ಪೂರ್ತಿ ತೆಗೆಯಲು ಹೋದರೆ ಭಾಗವತರ ಉಸಿರೂ, ತಾಳದ ಅನುರಣನವೂ ಅದರ ಜೊತೆಗೆ ಹೋಗುತ್ತವೆ. ಮೂಲವನ್ನು ಫ್ಲ್ಯಾಕ್ ಆಗಿ ಎತ್ತಿಟ್ಟು, ಫೋನಿಗೆ ಎಂಪಿ3 ಪ್ರತಿ ಮಾಡಿಕೊಳ್ಳಿ. ಟಿಪ್ಪಣಿಯ ಜಾಗದಲ್ಲಿ ಪ್ರಸಂಗ, ಮೇಳ, ಊರು, ಇಸವಿ, ಮದ್ದಳೆ ಚಂಡೆಯವರ ಹೆಸರು ಹೀಗೆ ಗೊತ್ತಿರುವುದನ್ನೆಲ್ಲ ಬರೆಯಿರಿ. ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಕಾನೂನಿನ ವಿಚಾರ ಹಲವರು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ, ವೈಯಕ್ತಿಕ ಬಳಕೆಗಾಗಿ ನ್ಯಾಯಯುತವಾಗಿ ಬಳಸಲು ಅವಕಾಶ ಕೊಟ್ಟಿದೆ. ಕೊಂಡ ಕ್ಯಾಸೆಟ್ಟನ್ನು ನಿಮ್ಮ ಫೋನಿನಲ್ಲಿ ಕೇಳುವುದು ಬೇರೆ, ಅದನ್ನು ಟೆಲಿಗ್ರಾಂ ಗುಂಪಿಗೆ ಹಾಕಿ ಸಾವಿರ ಜನಕ್ಕೆ ಹಂಚುವುದು ಬೇರೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. 1960ರಲ್ಲಿ ಹೊರಬಂದ ರೆಕಾರ್ಡಿನ ಮೇಲಿನ ಹಕ್ಕು 2020ರ ಕೊನೆಗೆ ತೀರಿತು. ಆದರೆ ಸಾಹಿತ್ಯದ, ಸಂಗೀತದ ಹಕ್ಕು ಅದನ್ನು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ, ಅದು ಬೇರೆಯೇ ಲೆಕ್ಕ. ಈಗ ಹಾಡುತ್ತಿರುವವರ ಸಂಗೀತವನ್ನು ಕೊಂಡೇ ಕೇಳಿ. ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳಲ್ಲಿ ಕಲಾವಿದರು ತಮ್ಮ ಹಾಡನ್ನು ಬೀಗವಿಲ್ಲದ ಫೈಲ್ ಆಗಿಯೇ ಮಾರುತ್ತಾರೆ.

ಕೊನೆಯದಾಗಿ ಪ್ರತಿಯ ಮಾತು. ಮೆಮೊರಿ ಕಾರ್ಡ್ ಮುನ್ಸೂಚನೆ ಇಲ್ಲದೆ ಕೆಡುತ್ತದೆ, ಫೋನು ಕಳೆದುಹೋಗುತ್ತದೆ. ಫೋನಿನಲ್ಲಿರುವುದು ಕೇಳುವ ಪ್ರತಿ ಮಾತ್ರ. ಮೂಲ ಸಂಗ್ರಹ ಮನೆಯ ಒಂದು ಹಾರ್ಡ್‌ಡಿಸ್ಕಿನಲ್ಲಿರಬೇಕು, ಅದರದ್ದೇ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ಅಣ್ಣನ ಮನೆಯಲ್ಲೋ ಮಗಳ ಮನೆಯಲ್ಲೋ ಇರಬೇಕು. ಹೊಸ ಫೋನ್ ಕೊಂಡ ದಿನ ಹಾರ್ಡ್‌ಡಿಸ್ಕಿನಿಂದ ಮತ್ತೆ ತುಂಬಿಕೊಂಡರಾಯಿತು. ಟ್ಯಾಗ್ ಫೈಲಿನೊಳಗೇ ಇರುವುದರಿಂದ ಬರೆದ ಹೆಸರು, ಅಂಟಿಸಿದ ಚಿತ್ರ ಎಲ್ಲವೂ ಅದರೊಂದಿಗೇ ಬರುತ್ತವೆ. ಪ್ಲೇಯರ್ ಬದಲಿಸಿದರೂ ಕಳೆಯುವುದಿಲ್ಲ.

ಎಲ್ಲಿಂದ ಶುರುಮಾಡುವುದು ಎಂದರೆ, ಸಿನಿಮಾ ಹಾಡಿನಿಂದ ಬೇಡ. ಅದು ಇನ್ನೆಲ್ಲಾದರೂ ಸಿಗುತ್ತದೆ. ನಿಮ್ಮ ಮನೆಯಲ್ಲಿ ಊರಿನ ಆಟದ, ಅಜ್ಜಿಯ ಸೋಬಾನೆ ಹಾಡಿನ, ಮಠದ ಭಜನೆಯ ಕ್ಯಾಸೆಟ್ ಇದ್ದರೆ ಅದರ ಇನ್ನೊಂದು ಪ್ರತಿ ಪ್ರಪಂಚದಲ್ಲಿ ಬಹುಶಃ ಎಲ್ಲೂ ಇಲ್ಲ. ಮೊದಲು ಅದನ್ನು ಇಳಿಸಿ, ಹಾಡಿದವರ ಹೆಸರು ಬರೆದು, ಎರಡು ಕಡೆ ಇಡಿ. ಬರುವ ಮಳೆಗಾಲಕ್ಕೆ ಮುಂಚೆಯೇ ಮಾಡಿ ಮುಗಿಸಿ.